ಕರುಣಾ ಅಕ್ಕೋರು ಸಾಕಿದ ಲಾರ್ವಾ

ಕರುಣಾ ಅಕ್ಕೋರು ನಮ್ಮನ್ನು ಎಂದೂ ಮರ್ಯಾದೆಯಿಂದ ಕರೆದವರಲ್ಲ. "ಏ ಮಳ್ಳಿ", "ಏ ಕತ್ತಿ", ಇವೇ ನಮ್ಮ ಹೆಸರುಗಳು. ಬಹುವಚನವೆಲ್ಲ ಗೊದಮೊಟ್ಟೆಗಳಿಗೆ ಮೀಸಲು. ಹೈಸ್ಕೂಲಿನ ಜೀವಶಾಸ್ತ್ರದ ತರಗತಿಯಲ್ಲಿ ಗಾಜಿನ ಭರಣಿಗೆ ಬಗ್ಗಿ, "ಯಾಕ್ರೀ, ಊಟ ಸೇರವಲ್ದೇನ್ರಿ?" ಎಂದು ವಿಚಾರಿಸುತ್ತಿದ್ದರು. ನಾವು ಕಿಸಕ್ಕೆಂದರೆ ಚಾಕ್‌ಪೀಸು ಹಾರಿಬರುತ್ತಿತ್ತು.

ನಿವೃತ್ತರಾದ ಮೇಲೆ ಸಪ್ತಾಪುರದಲ್ಲಿ, ನಮ್ಮ ಎದುರು ಮನೆಯಲ್ಲಿ, ಒಬ್ಬರೇ ಇದ್ದರು. ಮದುವೆಯ ಗೋಜಿಗೆ ಹೋದವರಲ್ಲ. ಒಂದು ಸಲ ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯಿಂದ ಸಾಲಮ್ಯಾಂಡರ್ ಮೊಟ್ಟೆ ತಂದರು. ಹಲ್ಲಿಯ ಆಕಾರ, ಕಪ್ಪೆಯ ನಂಟು, ನಮ್ಮ ಕಡೆಯ ಕೆರೆಗಳಲ್ಲಿ ಹುಡುಕಿದರೂ ಸಿಗದ ಪ್ರಾಣಿ. ಮೊಟ್ಟೆಯೊಡೆದು ಬಂದ ಲಾರ್ವಾಗಳಲ್ಲಿ ಉಳಿದದ್ದು ಒಂದೇ. ಅದರ ಕಿವಿರುಗಳು ಕತ್ತಿನ ಎರಡೂ ಕಡೆ ಕೆಂಪು ಕುಚ್ಚಿನಂತೆ ಹೊರಗೇ ಇಳಿಬಿದ್ದಿದ್ದವು.

"ಕಪ್ಪಿ ಮರಿಗೆ ಹಿಂದಿನ ಕಾಲು ಮೊದಲ ಮೂಡ್ತಾವು. ಇವರಿಗೆ ಮುಂದಿನವು ಮೊದಲ. ಎಲ್ಲಾರೂ ಒಂದಽ ಥರಾ ಬೆಳಿಬೇಕಂತ ಎಲ್ಲೈತಿ?" ಎನ್ನುವರು.

ಬೇಸಿಗೆಯಲ್ಲಿ ಮಂಜುಗಟ್ಟಿಸಿದ ಬಾಟಲಿಯನ್ನು ಅದರ ತೊಟ್ಟಿಯಲ್ಲಿ ತೇಲಿಬಿಟ್ಟು, ತಾವು ಬೆವರುತ್ತ ಕೂತಿರುತ್ತಿದ್ದರು. ನಮ್ಮ ಕಾರ್ಪೊರೇಷನ್ ನೀರೋ, ಬರುವುದೇ ದಿನಗಟ್ಟಲೆ ಕಾಯಿಸಿ. ಬಂದಾಗ ಬ್ಲೀಚಿಂಗ್ ಪೌಡರಿನ ನಾತ. ಅದನ್ನು ಅಗಲವಾದ ಟಬ್ಬಿನಲ್ಲಿ ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ತೊಟ್ಟಿಗೆ ಹಾಕುವುದು. ಒಮ್ಮೆ ನಾನು ಅವಸರ ಮಾಡಿ ಕೊಡ ಎತ್ತಿದ್ದಕ್ಕೆ, "ಏ ಮಳ್ಳಿ, ಆ ನೀರು ಅವರ ಕಿವಿರು ಸುಟ್ಟುಬಿಡತೈತಿ" ಎಂದು ಮೈಮೇಲೆ ಬಂದಿದ್ದರು.

ನೀರು ಬಂದ ದಿನ ನಮ್ಮ ಓಣಿಯಲ್ಲಿ ಯಾರ ತಲೆಯೂ ನೆಟ್ಟಗಿರುವುದಿಲ್ಲ. "ನೀರು ಬಂತ್ರೇ!" ಎಂದು ಒಬ್ಬರು ಕೂಗಿದರೆ ಸಾಕು, ಇದ್ದಬದ್ದ ಹಳೆಯ ನೀರೆಲ್ಲ ಗಟಾರಕ್ಕೆ, ಕೊಡ, ಡ್ರಮ್ಮು, ಬಕೆಟ್ಟು ತೊಳೆದು ತುಂಬಿದ್ದೇ ತುಂಬಿದ್ದು. ಅಂಥದೊಂದು ದಿನ ಮಧ್ಯಾಹ್ನ ಅಕ್ಕೋರು ಚೀರಿದ್ದು ಕೇಳಿ ಓಡಿದೆ. ಲಾರ್ವಾ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕಿವಿರುಗಳು ಬಿಳಿಚಿ ಮುದುಡಿದ್ದವು. ತೊಟ್ಟಿಯ ನೀರು ಗಬ್ಬೆಂದು ಬ್ಲೀಚಿಂಗ್ ನಾತ ಹೊಡೆಯುತ್ತಿತ್ತು.

"ಎಲ್ಲಾ ಆ ಯಲ್ಲವ್ವನ ಕೆಲಸ! ಹಳೇ ನೀರು ಚೆಲ್ಲಿ ನಳದ ನೀರು ತುಂಬ್ಯಾಳ. ಇನ್ನ ಆಕಿ ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ," ಎಂದು ಕೂಗಾಡುತ್ತಿದ್ದರು. ಯಲ್ಲವ್ವ ಅವರ ಮನೆಗೆಲಸದಾಕೆ.

"ಅಕ್ಕೋರ, ಯಲ್ಲವ್ವ ನಿನ್ನೇನಽ ಊರಿಗೆ ಹೋದ್ಲಲ್ರಿ. ನೀವಽ ಬಸ್ ಹತ್ತಿಸಿ ಬಂದ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಸೀರೆ ನೋಡಿಕೊಂಡರು. ಮೊಣಕಾಲಿನ ತನಕ ಒದ್ದೆ. ನಳದ ಪೈಪು ತೊಟ್ಟಿಯ ಪಕ್ಕದಲ್ಲೇ ಬಿದ್ದಿತ್ತು.

"ಹಂಗಾದ್ರ ನಾನಽ?" ಎಂದರು. "ತಪ್ಪು ಮಾಡಿದ್ರ ಮಾಡೇನಿ ಅನ್ನಬಹುದು. ಮಾಡಿದ್ದಽ ನೆನಪಿಲ್ಲಂದ್ರ ಏನನ್ನಲೇ?"

ಬಾಯಿಗೆ ಬಂದದ್ದೆಲ್ಲ ಹೇಳಿದೆ: ಬಿಸಿಲು, ಗಡಿಬಿಡಿ, ಯಾರು ಮರೆಯೋದಿಲ್ಲ ಹೇಳ್ರಿ. ಅವರು ನಂಬಲಿಲ್ಲ. ಖರೇ ಹೇಳಬೇಕೆಂದರೆ ನಾನೂ ನಂಬಲಿಲ್ಲ, ಹೆದರಿಕೆಯಾಗಿತ್ತು ನನಗೆ. ಮರುದಿನವೇ ತೊಟ್ಟಿ ಯಾರಿಗೋ ಹೋಯಿತು. ಅಂಗಳದ ಗುಲಾಬಿ ಕುಂಡಗಳನ್ನೂ ಒಂದೊಂದಾಗಿ ನಮ್ಮ ಮನೆಗೆ ಸಾಗಿಸಿಬಿಟ್ಟರು. ಬೇಡವೆಂದರೆ ಕೇಳಲಿಲ್ಲ.

ಮುಂದೆ ಕೆಲವು ತಿಂಗಳಿಗೆ ಅಕ್ಕೋರ ತಮ್ಮ ಬಂದು ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಹೊರಡುವ ದಿನ ನನ್ನ ಹಸುಗೂಸು ಮಗಳನ್ನು ತೋರಿಸಲು ಒಯ್ದಿದ್ದೆ. ಅಕ್ಕೋರ ಮುಖ ಅರಳಿತು. ಬಗ್ಗಿ, ಬೆರಳು, ಕಿವಿ, ಅಂಗಾಲು ಒಂದೊಂದೇ ನೋಡಿದರು. "ಎತ್ಕೋರಿ ಅಕ್ಕೋರ," ಎಂದು ಕೂಸನ್ನು ಮುಂದೆ ಚಾಚಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ತನಕ ಸರಿದರು.

"ಬ್ಯಾಡ, ನೀನಽ ಹಿಡ್ಕೊ," ಎಂದರು. "ಭದ್ರ ಹಿಡ್ಕೊ. ನಾ ಇಲ್ಲಿಂದನಽ ನೋಡತೇನಿ."