ಎರಡು ಕಟ್ಟಡಗಳ ನಡುವೆ ಡಬ್ಬಿ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಬೀದಿ ದೀಪಗಳೂ ಆರಿಲ್ಲ. ಕ್ಷೌರದಂಗಡಿಯವರ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಐಸ್ ಪೆಟ್ಟಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದಾರೆ. ಏನು ಮಾಡುತ್ತಿದ್ದಾರೆ ಅಂದರೆ, ಕಾಯುತ್ತಿದ್ದಾರೆ. ಒಳಗಿರುವ ಮನುಷ್ಯನ ಹೊಟ್ಟೆ ಯಾವಾಗ ಮನಸ್ಸು ಮಾಡುತ್ತದೋ ಎಂದು ಕಾಯುತ್ತಿದ್ದಾರೆ.

"ಅಣ್ಣಾ, ಆಯ್ತಾ?"

"ಅವಸರ ಮಾಡಿದ್ರೆ ಆಗೋ ಕೆಲಸಾನಾ ಇದು? ಸ್ವಲ್ಪ ತಡಿಯಮ್ಮ!" ಬಚ್ಚಲಿನ ಕಿಟಕಿಯಿಂದ ಉತ್ತರ ಬರುತ್ತದೆ.

ಅವರು ನನ್ನ ಕಡೆ ತಿರುಗುತ್ತಾರೆ. "ಕೇಳಿಸಿಕೊಂಡ್ರಲ್ಲ? ದಿನಾ ಬೆಳಗಾದ್ರೆ ನಂದು ಇದೇ ಮಾತುಕತೆ. ಬೇರೆಯವರು ದೇವರ ಮುಖ ನೋಡ್ಕೊಂಡು ಏಳ್ತಾರೆ, ನಾನು ಇದನ್ನ ನೋಡ್ಕೊಂಡು."

ಇವರನ್ನು ಈ ಬಡಾವಣೆಯಲ್ಲಿ ಎಲ್ಲರೂ ಡಬ್ಬಿ ಅಕ್ಕ ಅನ್ನುತ್ತಾರೆ. ಕೆಲಸ, ಮನೆಮನೆಗೆ ಹೋಗಿ ಮಲದ ಮಾದರಿ ತರುವುದು. ವಿಶ್ವವಿದ್ಯಾಲಯದವರೂ ಒಂದು ಆಹಾರ ಕಂಪನಿಯವರೂ ಕೂಡಿ ಕರುಳಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ಕಂಪನಿ ತಯಾರಿಸಿದ ನಾರಿನ ಪುಡಿಯನ್ನು ಜನ ದಿನಾ ನೀರಿಗೆ ಕಲಸಿ ಕುಡಿಯಬೇಕು. ಕುಡಿದವರ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚುತ್ತವೆಯೇ, ಕೆಟ್ಟವು ಕಡಿಮೆಯಾಗುತ್ತವೆಯೇ ಎಂದು ನೋಡುವುದು ಉದ್ದೇಶ. ಅದಕ್ಕೆ ಮಲ ಬೇಕು, ಅದೂ ತಾಜಾ ಬೇಕು, ಯಾಕೆಂದರೆ ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಎಣಿಸುತ್ತಾರೆ. ಪತ್ರಿಕೆಗಳಲ್ಲಿ ಬಂದ ಫೋಟೋದಲ್ಲಿ ಕುಲಪತಿಗಳೂ ಕಂಪನಿಯ ನಿರ್ದೇಶಕರೂ ಕೈ ಕುಲುಕುತ್ತಿದ್ದರು. ಮಲ ತರುವವರು ಯಾರು ಎಂದು ಯಾವ ಪತ್ರಿಕೆಯೂ ಕೇಳಲಿಲ್ಲ. ನಮ್ಮದೂ ಕೇಳಲಿಲ್ಲ ಬಿಡಿ.

ಮೊದಲು ಇವರು ಒಂದು ದವಾಖಾನೆಯಲ್ಲಿ ಆಯಾ ಆಗಿದ್ದರು. ಅದು ಮುಚ್ಚಿತು. ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ, ಮಗಳು ಹೈಸ್ಕೂಲು. ಮನೆಯಲ್ಲಿ ಅತ್ತೆಯ ಕಾರುಬಾರು. ಒಂದು ದಿನ ಸ್ಕೂಟರ್ ಕೈಕೊಟ್ಟಿತೆಂದು ಡಬ್ಬಿಗಳನ್ನು ಎರಡೆರಡು ಚೀಲದಲ್ಲಿ ಸುತ್ತಿ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೇ ತಡ, ಅತ್ತೆ ರಣರಂಪ ಮಾಡಿದರಂತೆ. "ಇವತ್ತಿಗೂ ನಮ್ಮತ್ತೆ ಆ ಫ್ರಿಜ್ಜಿನ ನೀರು ಮುಟ್ಟಲ್ಲ. ಬೇಸಿಗೇಲೂ ನಲ್ಲಿ ನೀರೇ ಕುಡೀತಾರೆ, ಅದೂ ನನ್ನ ಮುಖ ನೋಡ್ಕೊಂಡು ಕುಡೀತಾರೆ," ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತು ಮನೆಯಾದರೂ ಆಗುತ್ತದೆ. ಕೆಲವರು ಬಾಗಿಲು ತೆಗೆಯುವುದಿಲ್ಲ. ಕೆಲವರು ಪುಡಿಯನ್ನು ಗಿಡದ ಬುಡಕ್ಕೆ ಸುರಿದು, ಕುಡಿದೆವು ಎಂದು ಆಣೆ ಹಾಕುತ್ತಾರೆ. ಒಬ್ಬ ಮಹಾನುಭಾವರು ತಮ್ಮ ಬದಲು ಮೊಮ್ಮಗನದ್ದನ್ನು ಕೊಟ್ಟು ಕಳಿಸಿದ್ದರಂತೆ. ಇದೆಲ್ಲ ಅವರಿಗೆ ಅಭ್ಯಾಸವಾಗಿ ಹೋಗಿದೆ. ತಲೆ ಚಿಟ್ಟು ಹಿಡಿಸುವುದು ಡಬ್ಬಿ ತುಂಬಿದ ಮೇಲಿನ ಕಥೆ.

ವಿಶ್ವವಿದ್ಯಾಲಯದ ಪ್ರಯೋಗಾಲಯವೂ ಕಂಪನಿಯ ಪ್ರಯೋಗಾಲಯವೂ ಅಕ್ಕಪಕ್ಕದಲ್ಲೇ ಇವೆ, ನಡುವೆ ಒಂದು ಗೋಡೆ, ಗೋಡೆಗೊಂದು ಗೇಟು, ಗೇಟಿಗೊಂದು ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಹಾಗಾಗಿ ಡಬ್ಬಿ ಅಕ್ಕ ಪ್ರತಿ ಮಾದರಿಯಲ್ಲಿ ಅರ್ಧವನ್ನು ಇಲ್ಲಿ ಕೊಟ್ಟು, ಸ್ಕೂಟರ್ ಹತ್ತಿ, ಇಡೀ ಆವರಣ ಸುತ್ತು ಹಾಕಿ, ಉಳಿದರ್ಧವನ್ನು ಅಲ್ಲಿ ಕೊಡಬೇಕು. ವಿಶ್ವವಿದ್ಯಾಲಯದವರು ಒಳ್ಳೆಯ ಬ್ಯಾಕ್ಟೀರಿಯಾ ಎಣಿಸುತ್ತಾರೆ, ಕಂಪನಿಯವರು ಕೆಟ್ಟವನ್ನು. ಅಧ್ಯಯನ ಮುಗಿಯುವವರೆಗೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದೆಂದು ಕರಾರು. ಇದಕ್ಕೆ ಸಹಯೋಗ ಎಂದು ಹೆಸರು! ಒಂದೇ ಡಬ್ಬಿಯನ್ನು ಹಂಚಿಕೊಂಡವರು ಒಂದು ಮಾತು ಹಂಚಿಕೊಳ್ಳುವುದಿಲ್ಲ.

"ಆ ಗೇಟಿನ ಬೀಗ ತೆಗೆದ್ರೆ ಸಾಕು. ಇನ್ನೇನೂ ಕೇಳಲ್ಲ ನಾನು," ಎನ್ನುತ್ತಾರೆ ಅವರು.

ಇಷ್ಟರಲ್ಲಿ ಕ್ಷೌರದಂಗಡಿಯವರ ಬಾಗಿಲು ತೆರೆದು, ಒಂದು ಕೈ ಮಾತ್ರ ಹೊರಬಂದು, ಡಬ್ಬಿ ಕೊಟ್ಟು ಒಳಗೆ ಹೋಗುತ್ತದೆ. ಸ್ಕೂಟರ್ ಮುಂದಿನ ಬೀದಿಗೆ ಹೊರಡುತ್ತದೆ. ಡಬ್ಬಿ ಅಕ್ಕನ ನಗು ಇಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಅವರ ಕೆಲಸ ಉಳಿಯುವುದೋ ಹೋಗುವುದೋ ಇವತ್ತು ಈ ಬೀದಿಯಲ್ಲಿ ತೀರ್ಮಾನವಾಗಬೇಕು.

ಇದು ಟೀಚರ್ ಬೀದಿ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಇಲ್ಲಿದ್ದಾರೆ. ಬೀದಿಯ ಅರ್ಧ ಜನ ಅವರ ಹತ್ತಿರ ಅಕ್ಷರ ಕಲಿತವರು, ಉಳಿದರ್ಧ ಅವರಿಗೆ ಹೆದರುವವರು. ಕೆಲವು ತಿಂಗಳ ಹಿಂದೆ ಟೀಚರ್ ತಕರಾರು ತೆಗೆದರು. ಡಬ್ಬಿ ವಾಸನೆ ಬರುತ್ತದೆ, ನಾಳೆಯಿಂದ ಕೊಡುವುದಿಲ್ಲ ಎಂದರು. ಅವರು ಬಿಟ್ಟರೆ ಇಡೀ ಬೀದಿ ಬಿಡುತ್ತದೆ. ಡಬ್ಬಿ ಅಕ್ಕನಿಗೆ ಏನು ಮಾಡಬೇಕೋ ತೋಚಲಿಲ್ಲ.

"ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನೆಲ ಒರೆಸೋಕೆ ನಿಂಬೆ ವಾಸನೇದು ಬರುತ್ತಲ್ಲ, ಅದನ್ನ ಎರಡು ಹನಿ ಹಾಕಿ ಮುಚ್ಚಿ ಟೀಚರ್ ಅಂದೆ. ಅವರು ಬೀದಿಗೆಲ್ಲಾ ಹೇಳಿದ್ರು. ಎರಡು ಹನಿ ಅಂದಿದ್ದು ಒಂದು ಮುಚ್ಚಳ ಆಯ್ತು. ನಾನೂ ಖುಷಿಯಾಗಿದ್ದೆ, ಘಮ್ ಅಂತಿತ್ತು ಪೆಟ್ಟಿಗೆ!"

ಆ ದ್ರಾವಣ ನೆಲದ ಕ್ರಿಮಿ ಕೊಲ್ಲುವುದಕ್ಕೇ ಇರುವುದು. ಡಬ್ಬಿಯಲ್ಲಿ ಒಳ್ಳೆಯವು, ಕೆಟ್ಟವು ಎಂಬ ಭೇದವಿಲ್ಲದೆ ಎಲ್ಲವೂ ಸತ್ತವು.

ಮುಂದಿನದು ಕೇಳಿ. ಕಂಪನಿಯ ಕಟ್ಟಡದಲ್ಲಿ, ಒಂದು ಬೀದಿಯಲ್ಲಂತೂ ಕೆಟ್ಟ ಬ್ಯಾಕ್ಟೀರಿಯಾ ಸಂಪೂರ್ಣ ಮಾಯ ಎಂದು ಸಂಭ್ರಮ. ಪುಡಿಯ ಪೊಟ್ಟಣದ ಮೇಲೆ ಏನು ಅಚ್ಚು ಹಾಕಿಸಬೇಕು ಎಂಬ ಚರ್ಚೆಯೂ ಶುರು. ಗೋಡೆಯ ಈಚೆಗೆ ವಿಶ್ವವಿದ್ಯಾಲಯದಲ್ಲಿ, ಒಂದು ಬೀದಿಯ ಒಳ್ಳೆಯ ಬ್ಯಾಕ್ಟೀರಿಯಾ ಒಂದೂ ಬೆಳೆಯುತ್ತಿಲ್ಲ ಎಂದು ಗಾಬರಿ. ಯಂತ್ರ ಕೆಟ್ಟಿದೆಯೆಂದು ಬಿಚ್ಚಿ ಹರಡಿದರು. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿದ್ದರೆ ಐದು ನಿಮಿಷದ ಮಾತು. ಮಾಡಲಿಲ್ಲ. ಕರಾರು ಇದೆಯಲ್ಲ!

"ಅಲ್ಲಿ ನನಗೂ ಒಂದು ತುಂಡು ಕೇಕ್ ಕೊಟ್ರು. ತಿಂದ್ಕೊಂಡು ಇಲ್ಲಿಗೆ ಬಂದ್ರೆ, ಪಿಎಚ್‌ಡಿ ಮಾಡೋ ಹುಡುಗಿ ಅಳ್ತಾ ಕೂತಿದ್ಲು. ಟೀಚರ್ ಬೀದಿ ಡಬ್ಬಿಗಳೆಲ್ಲಾ ಸತ್ತೋಗಿವೆ ಅಕ್ಕ, ನಾನೇ ಹಾಳು ಮಾಡಿದ್ದು ಅಂತ ಮೇಡಂ ಬೈದ್ರು ಅಂದ್ಲು. ಆಗ ನನಗೆ ಆ ನಿಂಬೆ ವಾಸನೆ ನೆನಪಾಯ್ತು."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇವರು ನೇರ ಪ್ರೊಫೆಸರ್ ಮೇಡಂ ಕೋಣೆಗೆ ಹೋಗಿ ನಿಂಬೆ ದ್ರಾವಣದ ಕಥೆ ಹೇಳಿದರು. ಆಮೇಲೆ ಎರಡೂ ಕಟ್ಟಡದವರು ಕೊನೆಗೂ ಒಂದೇ ಮೇಜಿಗೆ ಬಂದರು, ಜಗಳವಾಡುವುದಕ್ಕೆ. ಈಕೆಗೆ ತರಬೇತಿ ಕೊಡಬೇಕಾದವರು ನೀವು ಎಂದು ಇವರು, ನೀವೇ ಎಂದು ಅವರು. ನಿಜ ಏನೆಂದರೆ ಇಬ್ಬರೂ ಕೊಟ್ಟಿರಲಿಲ್ಲ. ಡಬ್ಬಿಗೆ ಏನೂ ಹಾಕಬಾರದು ಎಂಬ ಒಂದು ವಾಕ್ಯವನ್ನು, ಇಷ್ಟು ದೊಡ್ಡ ಎರಡು ಸಂಸ್ಥೆಗಳಲ್ಲಿ, ಒಬ್ಬರೂ ಈ ಹೆಂಗಸಿಗೆ ಹೇಳಿರಲಿಲ್ಲ. ನನಗೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಸಭೆಯ ಮೇಲೆ ಸಭೆಯಾಗಿ ಒಂದು ತೀರ್ಮಾನ ಬಂತು. ಪುಡಿ ಕುಡಿಯುವ ಅವಧಿ ಇವತ್ತಿಗೆ ಮುಗಿಯುತ್ತದೆ. ಅಷ್ಟರಲ್ಲಿ ಈ ಬೀದಿಯವರು ಏನೂ ಬೆರೆಸದ ಮಾದರಿ ಕೊಟ್ಟರೆ ಸರಿ. ಇಲ್ಲದಿದ್ದರೆ ಬೀದಿ ಅಧ್ಯಯನದಿಂದ ಹೊರಗೆ, ಡಬ್ಬಿ ಅಕ್ಕ ಕೆಲಸದಿಂದ ಹೊರಗೆ. ವಾರದಿಂದ ಅವರು ಪ್ರತಿ ಬಾಗಿಲು ತಟ್ಟಿದ್ದಾರೆ. ಎಲ್ಲರದ್ದೂ ಒಂದೇ ಉತ್ತರ: "ಟೀಚರ್ ಕೊಟ್ರೆ ನಾವೂ ಕೊಡ್ತೀವಿ."

ಟೀಚರ್ ಬಾಗಿಲಲ್ಲೇ ನಿಂತಿದ್ದಾರೆ, ಇಸ್ತ್ರಿ ಮಾಡಿದ ಸೀರೆಯಲ್ಲಿ. ಹಿಂದೆ ಅವರ ಯಜಮಾನರು ಪೇಪರ್ ಹಿಡಿದು ಕೂತಿದ್ದಾರೆ.

"ನೋಡಮ್ಮ, ಮಕ್ಕಳಿಗೆ ಉಗುರು ಕತ್ತರಿಸ್ಕೊಂಡು ಬನ್ನಿ ಅಂತ ಹೇಳ್ಕೊಟ್ಟವಳು ನಾನು. ನನ್ನ ಮನೆಯಿಂದ ನಾರೋ ಡಬ್ಬಿ ಹೋಗೋದು ನಾಲ್ಕು ಜನ ನೋಡೋದು ಬೇಡ."

"ಟೀಚರ್, ಇವತ್ತೊಂದು ದಿನ. ದಮ್ಮಯ್ಯ ಅಂತೀನಿ."

"ಎರಡೇ ಎರಡು ಹನಿ ಹಾಕಿದ್ರೆ ಏನು ಗಂಟು ಹೋಗತ್ತೆ?"

ನಾನು ಡಬ್ಬಿ ಅಕ್ಕನ ಮುಖ ನೋಡುತ್ತೇನೆ. ವಾರವಿಡೀ ಕೈಮುಗಿದು ಕೈಮುಗಿದು ಸಾಕಾದ ಮುಖ. ಅವರು ಐಸ್ ಪೆಟ್ಟಿಗೆಯನ್ನು ದಡ್ಡನೆ ಮೆಟ್ಟಿಲ ಮೇಲಿಡುತ್ತಾರೆ.

"ನಿಮ್ಮ ಹೊಟ್ಟೇಲಿ ಮಲ್ಲಿಗೆ ತೋಟ ಇದೆ ಅಂತ ಈ ಬೀದೀಲಿ ಯಾರೂ ಅಂದ್ಕೊಂಡಿಲ್ಲ ಟೀಚರ್!"

ಎದುರು ಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದ ತಲೆ ಮಾಯವಾಗುತ್ತದೆ. ಹೇಳಿದವರೇ ನಾಲಿಗೆ ಕಚ್ಚಿಕೊಂಡು ನಿಂತಿದ್ದಾರೆ. ಮುಗಿಯಿತು, ಕೆಲಸ ಹೋಯಿತು ಎಂದುಕೊಳ್ಳುತ್ತೇನೆ ನಾನು. ಆಗ ಒಳಗಿನಿಂದ ಒಂದು ಸದ್ದು ಬರುತ್ತದೆ. ಯಜಮಾನರು ಪೇಪರಿನ ಹಿಂದೆ ನಗುತ್ತಿದ್ದಾರೆ. ತಡೆಯಲು ನೋಡಿ, ಆಗದೆ, ಕೆಮ್ಮು ಬರುವಷ್ಟು ನಗುತ್ತಿದ್ದಾರೆ.

"ನೀವು ಸುಮ್ನಿರಿ!" ಎಂದು ಟೀಚರ್ ಗದರುತ್ತಾರೆ. ಆಮೇಲೆ ಡಬ್ಬಿ ಅಕ್ಕನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. "ನಿಂಗೆ ಬಾಯಿ ಜಾಸ್ತಿ ಆಯ್ತು. ಕೊಡು ಇಲ್ಲಿ ಡಬ್ಬೀನ."

ಬಾಗಿಲು ಮುಚ್ಚುತ್ತದೆ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ. ಹಾಲಿನವನು ಬಂದು ಹೋಗುತ್ತಾನೆ. ಎಷ್ಟೋ ಹೊತ್ತಾದ ಮೇಲೆ ಬಾಗಿಲು ಅಂಗೈ ಅಗಲ ತೆರೆದು, ಡಬ್ಬಿ ಹೊರಬಂದು, ಬಾಗಿಲು ಮತ್ತೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಎದುರು ಮನೆಯ ಬಚ್ಚಲಿನ ದೀಪ ಹತ್ತುತ್ತದೆ. ಅದರ ಪಕ್ಕದ್ದೂ ಹತ್ತುತ್ತದೆ.

ಡಬ್ಬಿ ಅಕ್ಕ ನನಗೆ ಬೆನ್ನು ಮಾಡಿ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಮುಖ ಸಿಂಡರಿಸುತ್ತಾರೆ, ಬಿಗಿಯಾಗಿ ಮುಚ್ಚುತ್ತಾರೆ. ತಿರುಗಿದಾಗ ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಗಬ್ಬು ನಾತ! ಒಂದೂ ಸತ್ತಿಲ್ಲ ನೋಡಿ."