ಆರ್ಚಪ್ಪನಿಗೆ ಇಡದ ಎಡೆ

ಮೊನ್ನೆ ಕಬ್ಬಿಣದ ಟ್ರಂಕು ತೆಗೆದಾಗ ನುಸಿಗುಳಿಗೆಯ ಘಾಟಿನ ಜೊತೆ ಹಳೇ ಕಾಗದದ ವಾಸನೆ ಮೂಗಿಗೆ ಬಡಿಯಿತು. ಅದೇ ಪುಸ್ತಕ. ಆಸ್ಟ್ರೇಲಿಯಾದ ಒಂದು ಕಾಲಾಳು ಪಲ್ಟನ್ನಿನ ಯುದ್ಧದ ಚರಿತ್ರೆ. ಸೋಮನಾಥಪುರದ ನಮ್ಮ ಹಂಚಿನ ಮನೆಗೂ ಅದಕ್ಕೂ ಏನಪ್ಪಾ ಸಂಬಂಧ ಅಂತೀರಿ. ಆ ಮನೆ ಈಗಿಲ್ಲ, ಅಲ್ಲಿ ಎರಡಂತಸ್ತಿನ ತಾರಸಿ ಕಟ್ಟಡ ಎದ್ದಿದೆ. ನಿಮ್ಮೂರಲ್ಲೂ ಹಾಗೇ ಆಗಿರುತ್ತೆ, ಬಿಡಿ. ಆದರೆ ಪುಸ್ತಕ ಮೂಗಿನ ಹತ್ತಿರ ಹಿಡಿದರೆ ಸಾಕು, ನಾನು ಆ ಜಗಲಿಯ ಮೇಲೆ ತಾತನ ಮಗ್ಗುಲಲ್ಲೇ ಕೂತಿರುತ್ತೇನೆ.

ತಾತ ಹರೆಯದಲ್ಲಿ ಮಹಾರಾಜರ ಪಲ್ಟನ್ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ಅಲ್ಲಿ ಜಪಾನಿನವರ ಕೈಗೆ ಸಿಕ್ಕಿ ಸೆರೆಯಾದ. ಬಂದರಿನಲ್ಲಿ ಮೂಟೆ ಹೊರುವ ಕೆಲಸ. ಒಂದು ದಿನ ಜ್ವರ ಬಂದು ಮೂಟೆಯ ಸಮೇತ ಕುಸಿದಾಗ, ಪಕ್ಕದಲ್ಲಿದ್ದ ಆಸ್ಟ್ರೇಲಿಯಾದ ಸೆರೆಯಾಳು ತನ್ನ ಮೂಟೆಯ ಮೇಲೇ ತಾತನದನ್ನೂ ಏರಿಸಿಕೊಂಡು ನಡೆದುಬಿಟ್ಟನಂತೆ. ಇಲ್ಲದಿದ್ದರೆ ಕಾವಲಿನವರು ತಾತನನ್ನು ಅಲ್ಲೇ ಬಡಿದು ಹಾಕುತ್ತಿದ್ದರು. ಅವನೇ ಆರ್ಚಿ ವೆಲ್ಡನ್. ತಾತನ ಬಾಯಲ್ಲಿ ಆರ್ಚಪ್ಪ. ಕೆಲವೇ ತಿಂಗಳಲ್ಲಿ ಅವನ ಪಲ್ಟನ್ನಿನವರನ್ನು ಕಾಡಿನಲ್ಲಿ ರೈಲು ಹಾದಿ ಹಾಕಲು ಗೂಡ್ಸ್ ಗಾಡಿಗೆ ತುಂಬಿ ಒಯ್ದರು. "ಕೈ ಎತ್ತಿ ತೋರುಸ್ದ ಕಣವ್ವ, ಅಷ್ಟೇಯಾ," ಅನ್ನುತ್ತಿದ್ದ ತಾತ. ಆಮೇಲೆ ಸುದ್ದಿಯೇ ಇಲ್ಲ. ನಮ್ಮೂರ ದೇವಸ್ಥಾನ ನೋಡಲು ಬರುವ ಬಿಳಿಯರನ್ನೆಲ್ಲ ತಡೆದು "ಆಸ್ಟ್ರೇಲಿಯಾ?" ಅಂತ ಕೇಳುವುದು ತಾತನ ಚಾಳಿಯಾಯಿತು. ನನಗೋ ನಾಚಿಕೆಯಿಂದ ಭೂಮಿಗಿಳಿದು ಹೋಗುವ ಹಾಗಾಗುತ್ತಿತ್ತು.

ಪಿತೃಪಕ್ಷ ಬಂದರೆ ಮನೆಯಲ್ಲಿ ಜಗಳ ಖಾಯಂ. ಅಜ್ಜಿ ಶಾಸ್ತ್ರ ಅಂದರೆ ಶಾಸ್ತ್ರ, ಒಂದು ಕಾಳು ಅತ್ತಿತ್ತ ಆಗಬಾರದು. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಎಡೆಗೆ ಇಡಬೇಕು. ಅವಳ ಮಾವನ ಎಲೆಯಲ್ಲಿ ಬೀಡಿ ಕಟ್ಟೂ ಇರುತ್ತಿತ್ತು. ಎಲ್ಲ ಬಡಿಸಿ ಕೊನೆಗೆ ಮೆಲ್ಲಗೆ ಕೇಳುವಳು: "ಆ ಬಿಳೀ ಮನುಸ್ಯಂಗೂ ಒಂದ್ ಎಲೆ ಆಕ್ಲಾ?" ತಾತ ಕೆಂಡವಾಗುತ್ತಿದ್ದ. "ಬದುಕಿರೋನ್ಗೆ ಎಡೆ ಇಟ್ಟು ಸಾಯಿಸ್ಬೇಕು ಅಂತಿದ್ದೀಯಾ? ಬಾಯ್ ಮುಚ್ಕೊಂಡಿರು!" ನಲವತ್ತು ವರ್ಷ ಇದೇ ಮಾತು.

ನಾನು ನರಸೀಪುರದ ಹೈಸ್ಕೂಲಿಗೆ ಹೋಗುತ್ತಿದ್ದ ವರ್ಷ, ದೇವಸ್ಥಾನದ ಬಾಗಿಲಲ್ಲಿ ತಾತನಿಗೆ ಸಿಕ್ಕ ಒಬ್ಬ ಮುದುಕಿ ನಿಜವಾಗಿ ಆಸ್ಟ್ರೇಲಿಯಾದವಳೇ ಆಗಿದ್ದಳು. ಪಲ್ಟನ್ನಿನ ನಂಬರು ಬರೆದುಕೊಂಡು ಹೋದವಳು ಪುಣ್ಯಾತ್ಗಿತ್ತಿ, ಮಾತು ಮರೆಯದೆ ಈ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದಳು. ದಿನಾ ಸಂಜೆ ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಹಡಗು ಹತ್ತಿದ್ದು, ರಬ್ಬರ್ ತೋಟಗಳಲ್ಲಿ ಕಾದಾಡಿದ್ದು, ಸೇತುವೆ ಬಿಟ್ಟು ಹಿಂದೆ ಸರಿದದ್ದು, ಯಾವ ದಿನ ಯಾರು ಯಾವ ಹಳ್ಳದ ದಡದಲ್ಲಿ ಬಿದ್ದ ಅನ್ನುವುದು. ಅಬ್ಬಾ, ಒಬ್ಬನನ್ನೂ ಬಿಟ್ಟಿರಲಿಲ್ಲ! "ಅವತ್ತು ಮಳೆ ಉಯ್ತು ಅಂತ್ಲೂ ಬರ್ದವ್ರಾ?" ಅಂತ ತಾತ ಬಾಯಿ ಬಿಟ್ಟುಕೊಂಡು ಕೇಳುವನು. ಬರೆದಿದ್ದಾರೆ ಅಂದರೆ ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವನು. "ನಮ್ಮೋರ್ನ ಯಾರೂ ಬರೀನಿಲ್ವಲ್ಲವ್ವ," ಅಂದ ಒಮ್ಮೆ. ಅವತ್ತಿನವರೆಗೂ ತಾತ ಅಂದರೆ ನನಗೆ ಹಲ್ಲಿಲ್ಲದ ಮುದುಕ ಅಷ್ಟೇ. ಅಷ್ಟೊಂದು ದೊಡ್ಡ ಕಥೆಯೊಳಗೆ ನಡೆದು ಬಂದ ಕಾಲು ಇವೇನಾ ಅಂತ ಆ ಬಿರಿದ ಹಿಮ್ಮಡಿಗಳನ್ನೇ ನೋಡುತ್ತಾ ಕೂತುಬಿಟ್ಟೆ.

ಕೊನೆಯಲ್ಲಿ ಸತ್ತವರ ಪಟ್ಟಿ, ಪುಟಗಟ್ಟಲೆ. ಇಂಗ್ಲಿಷಿನ ಜಂಬ ನನಗೆ. ಕ್ಲಾಸಿನಲ್ಲಿ ಹಾಜರಿ ಕೂಗುವ ಹಾಗೆ ಗಟ್ಟಿಯಾಗಿ ಓದುತ್ತಾ ಹೋದೆ. ತಡೆದುಕೊಳ್ಳುವಷ್ಟರಲ್ಲಿ ಆ ಹೆಸರೂ ಬಾಯಿಂದ ಬಿದ್ದು ಹೋಗಿತ್ತು. ವೆಲ್ಡನ್, ಆರ್ಚಿ. ಕಾಲರಾ. "ಯಾವತ್ತು?" ಅಂದ ತಾತ. ಹೇಳಿದೆ. ತಾತ ಬೆರಳು ಮಡಚಿ ಎಣಿಸಿದ. ಗಾಡಿ ಹೊರಟ ಮೂರನೇ ತಿಂಗಳು.

ಅಜ್ಜಿ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ತಾತ ಅವಳತ್ತ ತಿರುಗಿ ಮಗುವಿನ ಹಾಗೆ ಅತ್ತ. "ಕೂಳಿಲ್ದೆ ಸತ್ತೋನ್ನ ನಾನೂ ನಲವತ್ತು ವರ್ಸ ಉಪಾಸ ಕೆಡವ್ದ್ನಲ್ಲಮ್ಮಿ!"

ಪಿತೃಪಕ್ಷಕ್ಕೆ ಇನ್ನೂ ಐದು ತಿಂಗಳಿತ್ತು. ಅಜ್ಜಿ ಶಾಸ್ತ್ರ ಎತ್ತುತ್ತಾಳೆ ಅಂದುಕೊಂಡೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಏನ್ ಇಷ್ಟ ಆಯಪ್ಪಂಗೆ?" ಅಂದಳಷ್ಟೇ.

"ಗೊತ್ತಿಲ್ಲ ಕಣಮ್ಮಿ. ಅಲ್ಲಿ ಗಂಜಿ ಬಿಟ್ರೆ ಬೇರೆ ಏನೂ ತಿಂದಿದ್ದು ನಾ ನೋಡ್ನಿಲ್ಲ."

"ಅಂಗಾರೆ ಎಲ್ಲಾನೂ ಮಾಡ್ತೀನಿ ಬುಡಿ," ಅಂದು ಅಜ್ಜಿ ಒಲೆಯ ಮುಂದೆ ಕೂತಳು. ಮುದ್ದೆ, ಕೋಳಿ ಸಾರು, ಕಜ್ಜಾಯ, ಪಾಯಸ; ನನ್ನನ್ನು ಓಡಿಸಿ ಅಂಗಡಿಯಿಂದ ಬನ್ನೂ ತರಿಸಿದಳು. ಬಡಿಸುತ್ತಾ ಹೋದರೆ ಒಂದು ಎಲೆ ಸಾಲಲಿಲ್ಲ. ಅಜ್ಜಿ ಅದರ ಪಕ್ಕಕ್ಕೆ ಇನ್ನೊಂದು ಎಲೆ ಜೋಡಿಸಿದಳು.