ಬಡಿಗರ ರುಮಾಲು, ಹಫೀಜರ ಹೊಟ್ಟೆಯುರಿ

ನರೋಣಾದ ಬಸವಂತರಾಯರ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಫೀಜ ಮಿಸ್ತ್ರಿ ಆಗಲೇ ತಮ್ಮ ಮಷಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಟ್ರ್ಯಾಕ್ಟರಿಗೆ ಕಟ್ಟಿ ಊರಿಂದೂರಿಗೆ ಎಳೆದೊಯ್ಯುವ, ಕಟ್ಟಿಗೆ ಕೊಯ್ಯುವ ಯಂತ್ರವದು. ಬೆಲ್ಟಿನಂತೆ ಸುತ್ತುವ ಗರಗಸದ ಪಟ್ಟಿ ಎಂಥ ದಿಮ್ಮಿಯನ್ನೂ ನೆಟ್ಟಗೆ ಸೀಳಬೇಕು. ನಿನ್ನೆ ಸಂಜೆ ಸೀಳಿದ ತುಂಡು ಮಾತ್ರ ಅಲೆಯಲೆಯಾಗಿ ಬಂದಿದೆ.

ಬಸವಂತರಾಯರ ಹೊಸ ಮನೆಯ ತಲೆಬಾಗಿಲಿನ ಚೌಕಟ್ಟು ಪೂರ್ತಿ ತಮ್ಮ ಹೊಲದ ಒಂದೇ ಬೇವಿನ ಮರದ್ದಾಗಬೇಕೆಂದು ಅವರ ಹೆಂಡತಿ ಸುಭದ್ರಾಬಾಯಿಯವರ ಹಟ. ಗಾಳಿಗೆ ಉರುಳಿದ ಆ ಮರದಲ್ಲಿ ಇನ್ನು ಉಳಿದಿರುವುದು ಬಲಬದಿಯ ನಿಲುವುಗಂಬಕ್ಕೆ ಸಾಲುವಷ್ಟೇ. ಇದೂ ಕೆಟ್ಟರೆ ಪೇಟೆಯ ಕಟ್ಟಿಗೆ ತರಬೇಕು. ಹಫೀಜರ ಹೆಸರು ಆಳಂದದವರೆಗೂ ಕೆಡುತ್ತದೆ.

ಬದುವಿನ ಮೇಲೆ ಬಡಿಗ ಸೈದಪ್ಪನವರು ಚಹಾ ಕುಡಿಯುತ್ತ ನಿಂತಿದ್ದಾರೆ. ಮಷಿನ್ನಿಗೆ ವಯಸ್ಸಾಯಿತೆಂದು ಅವರು ಬಸವಂತರಾಯರ ಕಿವಿಗೆ ಹಾಕಿಯೂ ಆಗಿದೆ. ಹಫೀಜರು ಅವರತ್ತ ತಿರುಗಿಯೂ ನೋಡುವುದಿಲ್ಲ.

ಹಫೀಜರು ಇಜೇರಿಯವರು. ಜೇವರ್ಗಿಯ ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಹಲ್ಲಿಗೆ ಅರ ಹಾಕುತ್ತ ಕೆಲಸ ಕಲಿತರು. ಈಗ ಸ್ವಂತ ಮಷಿನ್ ಎಳೆದುಕೊಂಡು ಅಫಜಲಪುರ, ಆಳಂದದ ಹೊಲಗಳನ್ನೆಲ್ಲ ಸುತ್ತುತ್ತಾರೆ. ಹಳೆಯ ಮರಗಳ ಒಳಗೆ ಯಾವ ಕಾಲದ್ದೋ ಮೊಳೆ ಅಡಗಿರುತ್ತದೆ, ಪಟ್ಟಿ ತುಂಡಾಗಿ ಹಾರುತ್ತದೆ. ಹಾಗೆ ಹಾರಿದ ಪಟ್ಟಿಯೊಂದರ ಗುರುತು ಮೊಣಕೈ ಮೇಲೆ ಇದೆ. ಕಟ್ಟಿಗೆಯ ಧೂಳಿಗೆ ಕೆಮ್ಮು ಹತ್ತಿದೆ. ಇದ್ಯಾವುದರ ಬಗ್ಗೆಯೂ ಅವರ ತಕರಾರಿಲ್ಲ. ತಕರಾರಿರುವುದು ಒಂದೇ, ಅದು ಬಡಿಗರ ತಲೆಯ ಮೇಲಿನ ರುಮಾಲು.

ಚೌಕಟ್ಟು ನಿಲ್ಲಿಸುವ ದಿನ ಮನೆಯವರು ಬಡಿಗರಿಗೆ ಆಯೇರಿ ಮಾಡುತ್ತಾರೆ. ಹೊಸ ಧೋತರ, ಅಂಗಿಯ ಬಟ್ಟೆ, ಎಲ್ಲರೆದುರು ತಲೆಗೆ ರುಮಾಲು. ಕಟ್ಟಿಗೆ ಕೊಯ್ದವರನ್ನು ಯಾರೂ ಕರೆಯುವುದಿಲ್ಲ. ಅಂಥ ದಿನ ತಮ್ಮ ಯಜಮಾನರು ಊಟದ ತಾಟಿನ ಮುಂದಿನಿಂದ ಎದ್ದು ಹೋಗುತ್ತಾರೆಂದು ಹೆಂಡತಿ ಪೀರಬಿ ನಗುತ್ತಾರೆ. ಪಕ್ಕದಲ್ಲಿ ಕುಳಿತ ನಾನು ಕೇಳಿದರೆ ಹಫೀಜರು ಮುಚ್ಚಿಡುವ ಪೈಕಿಯವರಲ್ಲ.

"ಹೊಟ್ಟಿ ಉರಿತದ್ರಿ, ಸುಳ್ಳ್ಯಾಕ ಹೇಳ್ಲಿ? ಸೊಟ್ಟ ಬಂದ್ರ ಮಷಿನ್ ಖರಾಬ್ ಅಂತಾರ. ನೆಟ್ಟಗ ಬಂದ್ರ ಸೈದಪ್ಪನ ಕೈ ಭಾರಿ ಅಂತಾರ. ನಾ ನೆಟ್ಟಗ ಕೊಯ್ದಿದ್ದು ಅವ ರಂದಾ ಹೊಡೆದು ನುಣ್ಣಗ ಮಾಡಿ ಅಳಿಸಿ ಬಿಡ್ತಾನ."

ನಿನ್ನೆ ಪಟ್ಟಿ ಬದಲಿಸಿ ನೋಡಿದ್ದಾಗಿದೆ, ಅಲೆ ಹೋಗಿಲ್ಲ. ಬಿಗಿತವೂ ಸರಿಯಿದೆ. ಈಗ ಪಟ್ಟಿ ಅಲ್ಲಾಡದಂತೆ ಹಿಡಿಯುವ ಪುಟ್ಟ ಉರುಳೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸುತ್ತಾರೆ. ಒಳಬದಿಯದು ಕಟಕಟ ಎನ್ನುತ್ತದೆ. ಅದರ ಬೇರಿಂಗ್ ಸವೆದಿದೆ. ಹೊಸದನ್ನು ಕೂರಿಸಿ, ದಾರ ಎಳೆದು ಸಾಲು ನೋಡಿ, ಎಂಜಿನ್ ಚಾಲೂ ಮಾಡುತ್ತಾರೆ. ಪಟ್ಟಿ ದಿಮ್ಮಿಯೊಳಗೆ ಇಳಿದಷ್ಟು ಹೊತ್ತೂ ಅವರ ಕಣ್ಣು ರೆಪ್ಪೆ ಹೊಡೆಯುವುದಿಲ್ಲ. ನಿಲುವುಗಂಬ ನೆಟ್ಟಗೆ ಬರುತ್ತದೆ. ಸೈದಪ್ಪನವರು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಾರೆ. ಹೆಗಲಿಗೇರಿಸಿಕೊಂಡು ನಡೆಯುತ್ತಾರೆ.

ಕೆಲವು ದಿನಗಳ ಮೇಲೆ ಚೌಕಟ್ಟು ನಿಲ್ಲುತ್ತದೆ. ಬರುವುದೇ ಇಲ್ಲ ಎಂದಿದ್ದ ಹಫೀಜರು ಉಸುಕಿನ ಗುಂಪಿಯ ಹತ್ತಿರ ನಿಂತಿದ್ದಾರೆ. ಸುಭದ್ರಾಬಾಯಿಯವರು ತಾಟು ಹಿಡಿದಿದ್ದಾರೆ, ಬಸವಂತರಾಯರು ಸೈದಪ್ಪನವರಿಗೆ ರುಮಾಲು ಸುತ್ತುತ್ತಾರೆ. ಹಫೀಜರ ಮುಖ ನೋಡಬೇಕು, ಹುಣಸೆಹಣ್ಣು ಚೀಪಿದವರ ಹಾಗಿದೆ. ನಿಮಗೂ ಒಂದು ಬೇಕೇ ಎಂದು ನಾನು ಕೆಣಕುತ್ತೇನೆ.

"ಬ್ಯಾಡ ಅಂದ್ರ ಸುಳ್ಳಾಗ್ತದ. ಬೇಕು," ಎನ್ನುತ್ತಾರೆ.

ಆಮೇಲೆ ನನ್ನನ್ನು ಕರೆದೊಯ್ದು ಬಲಗಂಬಕ್ಕೂ ಗೋಡೆಗೂ ನಡುವಿನ ಸಂದನ್ನು ತೋರಿಸುತ್ತಾರೆ. ಗೋಡೆಗೆ ತಾಗುವ ಮೈಗೆ ಬಡಿಗರು ರಂದಾ ಹೊಡೆಯುವುದಿಲ್ಲ. ಗರಗಸದ ಸಣ್ಣ ಗೆರೆಗಳು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ಇವೆ. ಹಫೀಜರು ಅಂಗೈ ತೂರಿಸಿ ಅದನ್ನು ಸವರುತ್ತಾರೆ.

"ಇದಿಷ್ಟು ನಂದು."

ಸಂದು ತುಂಬಲು ಗೌಂಡಿ ಮಲ್ಕಪ್ಪ ಸಿಮೆಂಟಿನ ಬುಟ್ಟಿ ಹೊತ್ತು ಬರುತ್ತಾರೆ. ಹಫೀಜರು ಸಂದಿಗೆ ಅಡ್ಡ ನಿಂತುಬಿಡುತ್ತಾರೆ.

"ತಡೀ ಮಲ್ಕಪ್ಪಾ. ಆ ರುಮಾಲದಾಂವ ಬಂದು ಒಮ್ಮೆ ನೋಡ್ಲಿ. ಆಮ್ಯಾಲ ಮುಚ್ಚು."